ಭಾರದ ಮೈಯವರಿಗೆ ಸ್ನಾನದ ಕಮೋಡ್ ಕುರ್ಚಿ: ಅಂಗಡಿಗೆ ಹೋಗೋ ಮೊದ್ಲು ಟೇಪ್ ಹಿಡೀರಿ

ನಮ್ಮನೆ ಇರೋದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ರಸ್ತೇಲಿ, ಸ್ವಲ್ಪ ಒಳಗೆ. ದೊಡ್ಡಪ್ಪನಿಗೆ ಸ್ಟ್ರೋಕ್ ಆಗಿ ಎಡಗಡೆ ಕೈಕಾಲು ಸೋತು ಆಸ್ಪತ್ರೆಯಿಂದ ಮನೆಗೆ ಬಂದಾಗ ಎಲ್ರಿಗೂ ಮಾತ್ರೆ, ಪಥ್ಯ, ವ್ಯಾಯಾಮ ಇದರದ್ದೇ ಚಿಂತೆ, ಬಚ್ಚಲಿಗೆ ಹೆಂಗೆ ಕರ್ಕೊಂಡು ಹೋಗೋದು ಅಂತ ಒಬ್ರೂ ಯೋಚ್ನೆ ಮಾಡಿರ್ಲಿಲ್ಲ. ದೊಡ್ಡಪ್ಪ ಮೊದ್ಲಿಂದ್ಲೂ ಭಾರದ ಆಳು. ಮೂರು ದಿನ ಹಾಸಿಗೆ ಮೇಲೇ ಮೈ ಒರೆಸಿದ್ವಿ, ನಾಲ್ಕನೇ ದಿನ ಅವರೇ "ಎರಡು ಚೊಂಬು ಬಿಸಿನೀರು ತಲೆ ಮೇಲೆ ಬಿದ್ರೆ ಸಾಕು ಮಾರಾಯ, ಇನ್ನೆಂತದೂ ಬೇಡ" ಅಂದ್ರು. ನಾನು ಶಿವಮೊಗ್ಗಕ್ಕೆ ಹೋಗಿ ಒಂದು ಕಮೋಡ್ ಚೇರ್, ಅಂದ್ರೆ ಸೀಟಲ್ಲಿ ತೂತು, ಕೆಳಗೆ ಬಕೆಟ್ ಇರೋ ಕುರ್ಚಿ ತಂದೆ, ಅದು ಬಾಳಿದ್ದು ಹನ್ನೊಂದು ದಿನ. ಎರಡನೇದು ಬಚ್ಚಲ ಬಾಗಿಲೇ ದಾಟ್ಲಿಲ್ಲ. ಮೂರನೇದು ಈಗ ಎರಡನೇ ಮಳೆಗಾಲ ನೋಡ್ತಾ ಇದೆ. ಮೊದಲೆರಡಕ್ಕೆ ಹಾಕಿದ ದುಡ್ಡು ನಿಮಗಾದ್ರೂ ಉಳೀಲಿ ಅಂತ ಇದನ್ನ ಬರೀತಿದೀನಿ.

ಮೊದ್ಲು ತೂಕ ನೋಡಿ, ಅಂದಾಜಲ್ಲಿ ಹೇಳ್ಬೇಡಿ. "ಒಂದು ನೂರಿಪ್ಪತ್ತು ಇರ್ಬೋದು" ಅಂತ ನಾವೂ ಹೇಳ್ತಿದ್ವಿ. ಮನೆಯಲ್ಲಿಡೋ ಸಣ್ಣ ತೂಕದ ಮಿಷನ್ ಸುಮಾರಾಗಿ 150 ಇಲ್ಲಾ 180 ಕೆಜಿಗೆ ನಿಂತುಹೋಗತ್ತೆ, ಅದೂ ಅಲ್ದೆ ಅದರ ಮೇಲೆ ನಿಲ್ಲಕ್ಕೆ ಬ್ಯಾಲೆನ್ಸ್ ಬೇಕಲ್ಲ. ಕೊನೆಗೆ ನೆನಪಾಗಿದ್ದು ಅಡಿಕೆ ಮೂಟೆ ತೂಗೋ ಕಾಟಾ, ನೆಲದ ಮೇಲೆ ಇಡೋ ಪ್ಲಾಟ್‌ಫಾರ್ಮ್‌ದು. ಅದರ ಮೇಲೆ ಒಂದು ಗಟ್ಟಿ ಮರದ ಕುರ್ಚಿ ಇಟ್ಟು, ಅವರನ್ನ ಕೂರಿಸಿ ಇಬ್ರು ಎರಡು ಕಡೆ ನಿಂತು ನೋಡಿದ್ವಿ, ಆಮೇಲೆ ಬರೀ ಕುರ್ಚಿ ತೂಗಿ ಕಳೆದ್ವಿ. 142 ಕೆಜಿ. ದೊಡ್ಡಪ್ಪ ಸ್ವಲ್ಪ ನಕ್ಕು "ರೇಟ್ ಎಷ್ಟು ನಡೀತಿದೆ ಇವತ್ತು" ಅಂದ್ರು. ಮಲೆನಾಡಲ್ಲಿ ಇಂಥ ಕಾಟಾ ಇಲ್ಲದ ಊರಿಲ್ಲ, ನಿಮ್ಮನೇಲಿ ಇಲ್ದಿದ್ರೆ ಪಕ್ಕದವರ ಮನೇಲಿ ಇರತ್ತೆ, ಸೊಸೈಟಿಯಲ್ಲಂತೂ ಇರತ್ತೆ.

ಈಗ ಕುರ್ಚಿ ತಡೆಯೋ ತೂಕ. ನಾನು ಜಾರಿ ಬಿದ್ದಿದ್ದು ಇಲ್ಲೇ. ಮೊದಲ ಕುರ್ಚಿ ಡಬ್ಬದ ಮೇಲೆ ದೊಡ್ಡದಾಗಿ 300 ಅಂತ ಇತ್ತು, ಅಂಗಡಿಯವನೂ "ಮುನ್ನೂರು ಕೆಜಿ ಸಾರ್, ಆನೆ ಕೂತ್ರೂ ಏನೂ ಆಗಲ್ಲ" ಅಂದ. ಅದು ಪೌಂಡು. 300 ಪೌಂಡ್ ಅಂದ್ರೆ 136 ಕೆಜಿ ಅಷ್ಟೇ, ದೊಡ್ಡಪ್ಪನಿಗಿಂತ 6 ಕೆಜಿ ಕಮ್ಮಿ. ಹನ್ನೊಂದನೇ ದಿನ ಬೆಳಿಗ್ಗೆ ಹಿಂದಿನ ಬಲಗಾಲಿನ ಪೈಪಲ್ಲಿ ಎತ್ತರ ಹೊಂದಿಸೋ ತೂತು ಉದ್ದಕ್ಕೆ ಎಳೆದು ಕೋಳಿಮೊಟ್ಟೆ ಆಕಾರಕ್ಕೆ ಬಂದಿತ್ತು, ಕೂರ್ತಾ ಇದ್ದಂಗೇ ಕುರ್ಚಿ ಒಂದು ಮೂಲೆಗೆ ವಾಲ್ತು, ದೊಡ್ಡಮ್ಮ ಪಕ್ಕದಲ್ಲೇ ಇದ್ದು ಗೋಡೆಗೆ ಒತ್ತಿ ಹಿಡ್ಕೊಂಡಿದ್ದಕ್ಕೆ ಬಚಾವು. ಹಾಗಾಗಿ ಸ್ಟಿಕ್ಕರ್ ಮೇಲೆ ಕೆಜಿನಾ ಪೌಂಡಾ ಅಂತ ಕಣ್ಣು ಬಿಟ್ಟು ನೋಡಿ. ಬರೀ ನಂಬರ್ ಇದ್ರೆ ಪೌಂಡ್ ಅಂತಲೇ ಲೆಕ್ಕ ಹಾಕಿ, ಎರಡರಿಂದ ಭಾಗಿಸಿ ಅದರಲ್ಲಿ ಇನ್ನೂ ಹತ್ತು ಪರ್ಸೆಂಟ್ ತೆಗೀರಿ, ಹತ್ತತ್ರ ಕೆಜಿ ಬರತ್ತೆ. 400 ಪೌಂಡ್ ಅಂದ್ರೆ 181 ಕೆಜಿ, 500 ಅಂದ್ರೆ 227. ನಮ್ಮ ಕಡೆ ಎರಡು ಮೂರು ಸಾವಿರಕ್ಕೆ ಸಿಗೋ ಮಾಮೂಲಿ ಮಡಚೋ ಕುರ್ಚಿಗಳು ಹೆಚ್ಚಿನವು 100 ಕೆಜಿ ಆಸುಪಾಸಿನವು.

ಇನ್ನೊಂದು ವಿಷ್ಯ. ಸೋತ ಕಾಲಿನ ಮನುಷ್ಯ ಹೂವು ಇಟ್ಟಂಗೆ ಕೂರಲ್ಲ, ಕೊನೇ ಅರ್ಧ ಅಡಿ ಧೊಪ್ಪಂತ ಬೀಳ್ತಾರೆ, ಏಳುವಾಗ ಪೂರ್ತಿ ಭಾರ ಒಂದೇ ಕೈ ಹಿಡಿ ಮೇಲೆ ಹಾಕ್ತಾರೆ. ಅದಕ್ಕೆ ಅವರ ತೂಕಕ್ಕೆ ಸರಿಸಮ ಇರೋ ಕುರ್ಚಿ ತಗೋಬೇಡಿ, ಮೇಲೆ 30-40 ಕೆಜಿ ಆದ್ರೂ ಜಾಸ್ತಿ ಇರ್ಲಿ. ನಾವು ಕೊನೆಗೆ ತಂದಿದ್ದು 200 ಕೆಜಿದು. ದೊಡ್ಡ ಕಂಪನಿ ಕುರ್ಚಿ ಆದ್ರೆ ಟೆಸ್ಟ್ ಆಗಿದೆಯಾ ಅಂತಲೂ ಕೇಳಿ, ಸ್ನಾನ ಶೌಚದ ಇಂಥ ಸಾಧನಗಳಿಗೇ ಐಎಸ್‌ಒ 17966 ಅಂತ ಒಂದು ಸ್ಟ್ಯಾಂಡರ್ಡ್ ಇದೆ, 2016ರಲ್ಲಿ ಬಂದಿದ್ದು.

ಎರಡನೇ ಕೆಲಸ, ಕೂತಾಗಿನ ಅಳತೆ. ಇದು ತೂಕಕ್ಕಿಂತ ಮುಖ್ಯ ಅಂತ ನಂಗೀಗ ಅನ್ಸತ್ತೆ, ಯಾಕಂದ್ರೆ ತೂಕದ ಬಗ್ಗೆ ಅಂಗಡಿಯವರಾದ್ರೂ ಕೇಳ್ತಾರೆ, ಅಗಲ ಯಾರೂ ಕೇಳಲ್ಲ. ಒಂದೇ ತೂಕದ ಇಬ್ರಲ್ಲಿ ಒಬ್ರಿಗೆ ಹೊಟ್ಟೆ ಮುಂದೆ ಇರತ್ತೆ, ಇನ್ನೊಬ್ರಿಗೆ ಸೊಂಟ ತೊಡೆ ಅಗಲ ಇರತ್ತೆ, ಇಬ್ಬರಿಗೂ ಒಂದೇ ಕುರ್ಚಿ ಆಗಲ್ಲ. ಮಾಮೂಲಿ ಕುರ್ಚೀಲಿ ಎರಡು ಕೈ ಹಿಡಿ ಮಧ್ಯ 18 ಇಂಚು ಇರತ್ತೆ, ಭಾರದವರ ಕುರ್ಚಿಗಳಲ್ಲಿ 22, 24, 26 ಹಿಂಗೆ.

ನಾವು ಅಳೆದಿದ್ದು ಹೇಗೆ ಅಂದ್ರೆ, ದೊಡ್ಡಪ್ಪನ್ನ ಗಟ್ಟಿ ಮಂಚದ ಅಂಚಲ್ಲಿ, ಹಾಸಿಗೆ ತೆಗೆದು, ಕಾಲು ನೆಲಕ್ಕೆ ತಾಗೋ ಹಂಗೆ ಕೂರಿಸಿ, ಊಟಕ್ಕೆ ಕೂರೋ ಎರಡು ಮಣೆ ತಂದು ಎರಡು ಪಕ್ಕ ತೊಡೆಗೆ ತಾಗಿಸಿ ನೆಟ್ಟಗೆ ನಿಲ್ಲಿಸಿದ್ವಿ, ಒತ್ತದೆ, ಸುಮ್ನೆ ತಾಗೋ ಅಷ್ಟು. ದೊಡ್ಡಮ್ಮ ಬ್ಲೌಸ್ ಹೊಲಿಯೋ ಟೇಪಲ್ಲಿ ಎರಡು ಮಣೆ ಮಧ್ಯದ ಅಂತರ ಹಿಡಿದ್ರು. ಇಪ್ಪತ್ತೊಂದೂವರೆ ಇಂಚು. ಟೇಪನ್ನ ಮೈ ಸುತ್ತ ಸುತ್ತಬೇಡಿ, ಅದು ಪ್ಯಾಂಟ್ ಹೊಲಿಸೋ ಅಳತೆ ಆಯ್ತು, ಕುರ್ಚಿಗೆ ಉಪಯೋಗ ಇಲ್ಲ. ಬಂದ ಅಗಲಕ್ಕೆ ಎರಡು ಇಂಚು ಸೇರ್ಸಿ. ಅದಕ್ಕಿಂತ ಜಾಸ್ತಿ ಸೇರಿಸಿದ್ರೆ ಒಂದು ಪಕ್ಕಕ್ಕೆ ವಾಲ್ತಾರೆ, ಅದ್ರಲ್ಲೂ ಸ್ಟ್ರೋಕ್ ಆದವರು ಸೋತ ಪಕ್ಕಕ್ಕೆ. ಕಮ್ಮಿ ಆದ್ರೆ ತೊಡೆ ಪಕ್ಕದ ಚರ್ಮ ಕೈ ಹಿಡಿಗೆ ಉಜ್ಜಿ ಗಾಯ ಆಗತ್ತೆ, ಒದ್ದೆ ಮೈಲಿ ಇನ್ನೂ ಬೇಗ.

ಹಿಂದಿನಿಂದ ಮುಂದಕ್ಕೂ ಅಳೀರಿ: ಹಿಂಭಾಗದಿಂದ ಮಂಡಿ ಹಿಂದಿನ ಗುಳಿವರೆಗೆ ಎಷ್ಟಿದೆಯೋ ಅದರಲ್ಲಿ ಎರಡು ಇಂಚು ಕಮ್ಮಿ ಮಾಡಿದ್ರೆ ಸೀಟಿನ ಉದ್ದ. ಸೊಂಟದ ಹಿಂದೆ ಮಾಂಸ ಹೆಚ್ಚಿರೋರಿಗೆ ಬೆನ್ನಿಗೂ ಒರಗೋ ಪಟ್ಟಿಗೂ ಮಧ್ಯ ಜಾಗ ಬೇಕು, ಇಲ್ಲ ಅಂದ್ರೆ ಅವರು ಮುಂದೆ ಮುಂದೆ ಬಂದು ಕೂರ್ತಾರೆ, ಸೀಟಿನ ತೂತು ಒಂದು ಕಡೆ, ಕೆಲ್ಸ ಇನ್ನೊಂದು ಕಡೆ. ಒರಗೋದು ಗಟ್ಟಿ ತಗಡಲ್ಲದೆ ಬಟ್ಟೆ ಅಥವಾ ರೆಕ್ಸಿನ್ ಪಟ್ಟಿ ಆಗಿ ಸ್ವಲ್ಪ ಸಡಿಲ ಮಾಡಕ್ಕೆ ಬರೋದಾದ್ರೆ ಒಳ್ಳೇದು. ಎತ್ತರಕ್ಕೆ ಪಾದದಿಂದ ಮಂಡಿ ಗುಳಿವರೆಗಿನ ಅಳತೆ ಸಾಕು.

ಇನ್ನು ಮನೆ. ಹಳೇ ಮಲೆನಾಡಿನ ಮನೆ ಅಂದ್ರೆ ನಿಮಗೆ ಗೊತ್ತಲ್ಲ, ಜಗಲಿ, ಹೊಸ್ತಿಲು, ನಡುಮನೆ, ಮತ್ತೊಂದು ಹೊಸ್ತಿಲು, ಒಂದು ಮೆಟ್ಲು ಇಳಿದ್ರೆ ಬಚ್ಚಲುಮನೆ, ಮೂಲೇಲಿ ಹಂಡೆ, ಕೆಳಗೆ ಕಲ್ಲುಹಾಸು. ಕಟ್ಟಿದವರು ಗಟ್ಟಿಮುಟ್ಟಾಗಿ ಓಡಾಡೋರು, ಅವರ ತಪ್ಪೇನಿಲ್ಲ. ನೀವು ಮಾಡ್ಬೇಕಾದ್ದು ಮಂಚದಿಂದ ಬಚ್ಚಲ ತನಕ ಟೇಪ್ ಹಿಡ್ಕೊಂಡು ನಡೆಯೋದು, ಸಿಗೋ ಪ್ರತಿಯೊಂದು ಬಾಗಿಲು ಅಳೆಯೋದು. ಬಾಗಿಲು ತೆಗೆದಾಗ ಉಳಿಯೋ ಜಾಗ ಅಳೀಬೇಕು, ಚೌಕಟ್ಟಲ್ಲ. ನಮ್ಮ ಬಚ್ಚಲ ಬಾಗಿಲು ತೆಗೆದಿಟ್ರೂ 26 ವರೆ ಇಂಚು. ನಾನು ತಂದ ಎರಡನೇ ಕುರ್ಚಿ ಹೊರಗಿಂದ ಹೊರಗೆ 29 ಇಂಚು, ಸೀಟು ಸರಿ ಇತ್ತು, ತೂಕ ಸರಿ ಇತ್ತು, ಎರಡು ಚಕ್ರ ಒಳಗೆ ಎರಡು ಚಕ್ರ ಹೊರಗೆ. ದೊಡ್ಡಪ್ಪ ಟವೆಲ್ ಸುತ್ಕೊಂಡು ನಡುಮನೇಲಿ ಕೂತಿದ್ರು, ಅಷ್ಟೊತ್ತಿಗೆ ಅಡಿಕೆ ವ್ಯಾಪಾರದ ವಿಷ್ಯ ಮಾತಾಡಕ್ಕೆ ಯಾರೋ ಬಂದ್ರು. ಅವತ್ತಿನ ಅವರ ಮುಖ ಇವತ್ತಿಗೂ ಮರೆತಿಲ್ಲ.

ಡಬ್ಬದ ಮೇಲೆ ಬರೆಯೋದು ಸೀಟಿನ ಅಗಲ, ಹೊರಗಿನ ಅಗಲ ಅದಕ್ಕಿಂತ 3-4 ಇಂಚು ಜಾಸ್ತಿ ಇರತ್ತೆ, ಪಕ್ಕದಲ್ಲಿ ದೊಡ್ಡ ಚಕ್ರ ಇರೋದಾದ್ರೆ ಇನ್ನೂ ಜಾಸ್ತಿ. ಎರಡೂ ಕೇಳಿ ಬರ್ಕೊಳಿ. ಬಾಗಿಲು ಸಾಲದಿದ್ರೆ ಗೋಡೆ ಒಡೆಯೋ ಮೊದ್ಲು ಬಾಗಿಲಿನ ಹಲಗೆ ಕಳಚಿ ನೋಡಿ, ನಮಗೆ ಅದರಲ್ಲೇ ಎರಡು ಇಂಚು ಸಿಕ್ತು, 28 ವರೆ ಆಯ್ತು, ಮೂರನೇ ಕುರ್ಚಿ 27 ಇಂಚಿನದು ಒಳಗೆ ಹೋಯ್ತು. ಬಾಗಿಲ ಜಾಗಕ್ಕೆ ದಪ್ಪ ಪರದೆ. ದಾಟುವಾಗ ಕೈ ತೊಡೆ ಮೇಲೆ ಇಟ್ಕೊಳಕ್ಕೆ ಹೇಳಿ, ಗೆಣ್ಣು ಜಜ್ಜಿದ್ರೆ ಮೂರು ದಿನ ಬೈಗುಳ.

ಹೊಸ್ತಿಲು ಕತ್ತರ್ಸೋಣ ಅಂತ ನಾನು ಒಂದ್ಸಲ ಬಾಯಿಬಿಟ್ಟೆ. ದೊಡ್ಡಮ್ಮ ದಿನಾ ಬೆಳಿಗ್ಗೆ ಅರಿಶಿನ ಕುಂಕುಮ ಇಡೋ ಹೊಸ್ತಿಲು, ಮತ್ತೆ ಆ ಮಾತು ಎತ್ತಿಲ್ಲ. ಅದರ ಬದ್ಲು ಎರಡೂ ಕಡೆ ಎತ್ತಿಡೋ ಇಳಿಜಾರು ಹಲಗೆ ಮಾಡಿಸಿದ್ವಿ. ಲೆಕ್ಕ ಸುಲಭ, ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ, 4 ಇಂಚಿನ ಹೊಸ್ತಿಲಿಗೆ 4 ಅಡಿ ಹಲಗೆ. ಅದಕ್ಕಿಂತ ಕಡಿದಾದ್ರೆ 142 ಕೆಜಿ ಪ್ಲಸ್ ಕುರ್ಚಿ ತಳ್ಳೋದು ಒಬ್ಬರ ಕೈಲಿ ಆಗಲ್ಲ, ಇಳಿಸುವಾಗ ಅದೇ ನಿಮ್ಮನ್ನ ಎಳ್ಕೊಂಡು ಹೋಗತ್ತೆ. ಇಳಿಸೋದು ಯಾವಾಗ್ಲೂ ಹಿಮ್ಮುಖ, ನೀವು ಕೆಳಗಡೆ ಇರ್ಬೇಕು, ಅವರ ಬೆನ್ನು ನಿಮ್ಮ ಕಡೆ. ಮಹಡಿ ಮೇಲೆ ಮಲಗೋರಾದ್ರೆ ಕೆಳಗೆ ತನ್ನಿ, ಹಳೇ ಮರದ ಹಲಗೆ ಅಟ್ಟದ ಮೇಲೆ ಈ ಭಾರ ನಾಲ್ಕು ಸಣ್ಣ ಚಕ್ರದ ಮೇಲೆ ಉರುಳೋದು ಬೇಡ.

ಚಕ್ರ ಬೇಕಾ ಬೇಡ್ವಾ ಅನ್ನೋದು ಒಂದೇ ಪ್ರಶ್ನೇಲಿ ತೀರ್ಮಾನ ಆಗತ್ತೆ: ಅವರು ನಾಲ್ಕು ಹೆಜ್ಜೆ ಹಾಕಿ ಬಚ್ಚಲಿಗೆ ಬರ್ತಾರಾ? ಬರ್ತಾರೆ ಅಂದ್ರೆ ಚಕ್ರ ಇಲ್ದೆ ರಬ್ಬರ್ ಬುಷ್ ಇರೋ ನಾಲ್ಕು ಕಾಲಿನ ಕುರ್ಚಿನೇ ಸೈ, ಗಟ್ಟಿ ನಿಲ್ಲತ್ತೆ, ಕಮ್ಮಿಗೂ ಬರತ್ತೆ. ಬರಲ್ಲ ಅಂದ್ರೆ ಚಕ್ರದ್ದು, 5 ಇಂಚಿನ ಚಕ್ರ, ನಾಲ್ಕಕ್ಕೂ ಬ್ರೇಕ್ ಇರ್ಬೇಕು. ಎರಡಕ್ಕೆ ಮಾತ್ರ ಬ್ರೇಕ್ ಇದ್ರೆ ಬಚ್ಚಲ ಇಳಿಜಾರಲ್ಲಿ ಕುರ್ಚಿ ಮೆಲ್ಲಗೆ ತಿರುಗತ್ತೆ. ಬ್ರೇಕ್ ಹಾಕಿದ ಚಕ್ರ ಕೂಡ ಪಾಚಿ ಮೇಲೆ ಜಾರತ್ತೆ, ಹಾಗಾಗಿ ಕಲ್ಲುಹಾಸಿನ ಪಾಚಿ ವಾರಕ್ಕೊಮ್ಮೆ ತಿಕ್ಕದೆ ಬೇರೆ ದಾರಿ ಇಲ್ಲ. ಕಾಲಲ್ಲಿ ಒಂಚೂರೂ ಭಾರ ತಡೆಯಲ್ಲ ಅನ್ನೋರಿಗೆ ಎತ್ತೋ ಮಿಷನ್, ಹಾಯ್ಸ್ಟ್ ಅಂತಾರಲ್ಲ ಅದು ಬೇಕಾಗತ್ತೆ, ಕೈಯಲ್ಲಿ ಎತ್ತೋ ಸಾಹಸ ಬೇಡ. ಹಾಯ್ಸ್ಟ್ ತಗೊಂಡ್ರೆ ಅದರ ತೂಕದ ಮಿತಿ, ಅವರನ್ನ ಕೂರಿಸಿ ಎತ್ತೋ ಜೋಲಿಯ ಮಿತಿ, ಕುರ್ಚಿಯ ಮಿತಿ ಮೂರೂ ನೋಡಿ, ಮೂರರಲ್ಲಿ ಯಾವುದು ಕಮ್ಮಿನೋ ಅದೇ ಲೆಕ್ಕ.

ವೆಸ್ಟರ್ನ್ ಟಾಯ್ಲೆಟ್ ಇದ್ರೆ ಕುರ್ಚಿನ ಅದರ ಮೇಲೇ ತಳ್ಳಿ ನಿಲ್ಲಿಸಬಹುದು, ಬಕೆಟ್ ತೊಳೆಯೋ ಕೆಲ್ಸ ಇಲ್ಲ. ಆದ್ರೆ ಟಾಯ್ಲೆಟ್ ಅಂಚು ನೆಲದಿಂದ 16 ಇಂಚು ಹತ್ರ ಇರತ್ತೆ, ಕುರ್ಚಿಯ ಕೆಳಭಾಗ ಅದಕ್ಕಿಂತ ಮೇಲಿರ್ಬೇಕು, ಪ್ಲಾಸ್ಟಿಕ್ ಸೀಟು ಮುಚ್ಚಳ ಬಿಚ್ಚಿಟ್ರೆ ಇನ್ನೊಂದು ಇಂಚು ಸಿಗತ್ತೆ. ಅಂಗಡೀಲಿ ಕುರ್ಚಿ ಹಿಂದೆ ಬಗ್ಗಿ ನೋಡಿ, ಹಿಂದಿನ ಎರಡು ಕಾಲು ಜೋಡಿಸೋ ಅಡ್ಡಪಟ್ಟಿ ಕೆಳಗಡೆ ಇದ್ರೆ ಅದು ಟಾಯ್ಲೆಟ್‌ಗೆ ಬಡಿದು ಅಲ್ಲೇ ನಿಲ್ಲತ್ತೆ, ಒಂದು ಗೇಣು ಮುಂದೆನೇ. ಇನ್ನು ಗೋಡೆಗೆ ನೇತಾಕಿದ ಹೊಸ ಮಾದರಿ ಕಮೋಡ್ ಮೇಲೆ ನೇರ ಕೂರ್ಸೋ ಬದ್ಲು ಕುರ್ಚಿ ಮೇಲಿಂದ್ಲೇ ಬಳಸಿ, ಭಾರ ಕುರ್ಚಿ ಕಾಲಿನ ಮೇಲೆ ಹೋಗತ್ತೆ. ಇಂಡಿಯನ್ ಇದ್ರೆ ಬಕೆಟ್ಟೇ ಗತಿ. ಬಕೆಟ್ ಹಿಂದಿನಿಂದ ಎಳೆಯೋ ಹಂಗೆ ಇರ್ಲಿ, ಮುಚ್ಚಳ ಇರ್ಲಿ, ಮೊದ್ಲೇ ಒಂದು ಚೊಂಬು ನೀರು ಹಾಕಿಟ್ರೆ ತೊಳೆಯೋರ ಪುಣ್ಯ.

ಸೀಟಿನ ತೂತಿನ ಬಗ್ಗೆ ಮುಜುಗರ ಬಿಟ್ಟು ಮಾತಾಡ್ಬೇಕು. ತೂತು ದೊಡ್ಡದಾದ್ರೆ ಮಾಂಸ ಅದರೊಳಗೆ ಕುಸಿದು ಏಳಕ್ಕೇ ಆಗಲ್ಲ, ಅಂಚು ಒತ್ತಿ ಚರ್ಮ ಕೆಂಪಾಗತ್ತೆ. ಚಿಕ್ಕದಾದ್ರೆ ಸೀಟೆಲ್ಲ ಗಲೀಜು. ಸೀಟು ಮುಂದೆ ತೆರೆದಿರೋ ಕುದುರೆ ಲಾಳದ ಆಕಾರದ್ದು ಇದ್ರೆ ತೊಳೆಸೋರ ಕೈ ಮುಂದಿನಿಂದ ಹೋಗತ್ತೆ, ಆದ್ರೆ ಹೊಟ್ಟೆ ದೊಡ್ಡದಿರೋರಿಗೆ ಮುಂದಿನಿಂದ ಕೈ ಹೋಗೋದೇ ಇಲ್ಲ, ಅವರಿಗೆ ಹಿಂದೆ ಇಲ್ಲಾ ಪಕ್ಕ ತೆರೆದಿರೋದು ನೋಡಿ. ದೊಡ್ಡಪ್ಪನಿಗೆ ಹಿಂದೆ ತೆರೆದಿರೋದೇ ಆಗ್ಬೇಕಾಯ್ತು. ಇದನ್ನ ತೊಳೆಸೋರ ಹತ್ರ ಕೇಳಿ, ನಮ್ಮನೇಲಿ ಅದು ದೊಡ್ಡಮ್ಮ, ಮೊದಲೆರಡು ಕುರ್ಚಿ ತರುವಾಗ ಅವರನ್ನ ಒಂದು ಮಾತು ಕೇಳಿರ್ಲಿಲ್ಲ ನಾನು. ಮೂರನೇ ಸಲ ಅವರೇ ಅಂಗಡಿಗೆ ಬಂದ್ರು, ಬಂದವರೇ ಕುರ್ಚಿ ಹಿಂದೆ ಕುಕ್ಕರಗಾಲಲ್ಲಿ ಕೂತು ತೂತಿನ ಕೆಳಗಿಂದ ಕೈ ಹಾಕಿ ನೋಡಿದ್ರು, ಅಂಗಡಿ ಹುಡುಗ ಮುಖ ಆ ಕಡೆ ತಿರುಗಿಸಿದ, ಎರಡು ಕುರ್ಚಿ ಬೇಡ ಅಂದು ಮೂರನೇದಕ್ಕೆ "ಇದ್ರಲ್ಲಿ ಕೈ ಆಡ್ತದೆ" ಅಂದ್ರು. ಸೀಟು ಮೆತ್ತಗಿರ್ಲಿ, ಒಳಗೆ ನೀರು ಕುಡಿಯದ ಒಂದೇ ಅಚ್ಚಿನ ಫೋಮ್ ಆದ್ರೆ ಉತ್ತಮ. ಹೊಲಿಗೆ ಇರೋ ರೆಕ್ಸಿನ್ ಸೀಟು ಹರಿದ್ರೆ ಒಳಗೆ ಉಚ್ಚೆ ಇಳಿದು ವಾಸನೆ ಹೋಗೋದೇ ಇಲ್ಲ. ಎಷ್ಟೇ ಮೆತ್ತಗಿದ್ರೂ 15-20 ನಿಮಿಷದ ಮೇಲೆ ಕೂರಿಸಬೇಡಿ.

ಕೈ ಹಿಡಿ ಹಿಂದಕ್ಕೆ ಮಡಚೋ ಇಲ್ಲಾ ಕೆಳಗೆ ಇಳಿಸೋ ಥರದ್ದು ಬೇಕು, ಮಂಚದಿಂದ ಪಕ್ಕಕ್ಕೆ ಜರುಗಿ ಬರಕ್ಕೆ. ಸ್ಟ್ರೋಕ್ ಆದವರು ಗಟ್ಟಿ ಇರೋ ಪಕ್ಕಕ್ಕೆ ಜರುಗೋದು ಸುಲಭ, ದೊಡ್ಡಪ್ಪನಿಗೆ ಬಲಗಡೆ. ಮಂಚ ಮತ್ತು ಕುರ್ಚಿ ಸೀಟು ಒಂದೇ ಎತ್ತರ ಇರ್ಲಿ. ಕಾಲಿಡೋ ಪಟ್ಟಿ ಪೂರ್ತಿ ಪಕ್ಕಕ್ಕೆ ತಿರುಗೋ ಥರ ಇರ್ಬೇಕು, ಅದರ ಮೇಲೆ ಕಾಲೂರಿ ಎದ್ದು ನಿಲ್ಲಕ್ಕೆ ಹೋದ್ರೆ ಕುರ್ಚಿ ಸಮೇತ ಮುಂದಕ್ಕೆ ಮಗುಚ್ತಾರೆ.

ಲೋಹದ ವಿಷ್ಯದಲ್ಲಿ ನಮ್ಮೂರಿನ ಮಳೆ ಲೆಕ್ಕಕ್ಕೆ ತಗೊಳ್ಳಿ. ಆಗುಂಬೇಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೇಲೆ ಬೀಳತ್ತೆ, ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬಚ್ಚಲು ಒಣಗೋದೇ ಇಲ್ಲ. ಹೊಳೆಯೋ ಕ್ರೋಮ್ ಬಳಿದ ಕಬ್ಬಿಣದ ಕುರ್ಚಿ ಒಳಗಿಂದ ತುಕ್ಕು ಹಿಡಿಯತ್ತೆ, ಹೊರಗೆ ಕಾಣೋ ಹೊತ್ತಿಗೆ ಪೈಪು ಕಾಗದ ಆಗಿರತ್ತೆ. ಎಸ್‌ಎಸ್ 304 ಅನ್ನೋ ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲ್ ಇಲ್ಲಾ ಅಲ್ಯೂಮಿನಿಯಂ ತಗೊಳ್ಳಿ. ಕೆಲವರು ಅಯಸ್ಕಾಂತ ತಂದು "ಅಂಟಲ್ಲ ನೋಡಿ, 304" ಅಂತ ತೋರಿಸ್ತಾರೆ. ಅದಕ್ಕೆ ಮರುಳಾಗ್ಬೇಡಿ, ನಿಕ್ಕಲ್ ಕಮ್ಮಿ ಇರೋ ಅಗ್ಗದ 202ಕ್ಕೂ ಅಯಸ್ಕಾಂತ ಅಂಟಲ್ಲ, ತುಕ್ಕು ಮಾತ್ರ ಬೇಗ ಅಂಟತ್ತೆ. ಗಟ್ಟಿಯಾಗಿ ಅಂಟಿದ್ರೆ 304 ಅಲ್ಲ ಅಂತ ಗೊತ್ತಾಗತ್ತೆ, ಅಷ್ಟಕ್ಕೇ ಅದು. ಬಿಲ್‌ನಲ್ಲಿ ಗ್ರೇಡ್ ಬರೆಸ್ಕೊಳಿ.

ಊರಿನ ವೆಲ್ಡಿಂಗ್ ಶಾಪಲ್ಲಿ ಮಾಡಿಸೋಣ್ವಾ ಅಂತ ತುಂಬ ಜನ ಕೇಳ್ತಾರೆ. ಇಳಿಜಾರು ಹಲಗೆಯ ಫ್ರೇಮು, ಗೋಡೆ ಹಿಡಿ ಇವೆಲ್ಲ ಮಾಡಿಸಿ, ಚೆನ್ನಾಗೇ ಮಾಡ್ತಾರೆ. ಕುರ್ಚಿ ಬೇಡ, ಅದು ಎಷ್ಟು ತಡೆಯತ್ತೆ ಅಂತ ಮಾಡಿದವನಿಗೂ ಗೊತ್ತಿರಲ್ಲ, ಗೊತ್ತಾಗೋದು ಮುರಿದ ದಿನ. ಪ್ಲಾಸ್ಟಿಕ್ ಕುರ್ಚಿಗೆ ಗರಗಸದಲ್ಲಿ ತೂತು ಕೊರೆಯೋ ಐಡಿಯಾ ಅಂತೂ ದಯವಿಟ್ಟು ಬೇಡ.

ಸರ್ಕಾರದ ಕಡೆಯಿಂದ ಹಿರಿಯರಿಗೆ, ಅಂಗವಿಕಲರಿಗೆ ಸಾಧನ ಕೊಡೋ ಯೋಜನೆಗಳಿವೆ, ಅಂಗವಿಕಲರ ಗುರುತಿನ ಚೀಟಿ, ಯುಡಿಐಡಿ ಕಾರ್ಡ್ ಅಂತಾರಲ್ಲ ಅದು, ಮಾಡಿಸಿಟ್ಟಿದ್ರೆ ಕೆಲ್ಸಕ್ಕೆ ಬರತ್ತೆ. ಅಲ್ಲಿ ಕೊಟ್ಟಿದ್ದೂ ತೂಕದ ಮಿತಿ ನೋಡದೆ ಕೂರಿಸಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಬೇರೆ ಕಡೆಗೋ ಹೆಂಗೂ ಫಿಸಿಯೋಥೆರಪಿಗೆ ಹೋಗ್ತೀರಲ್ಲ, ಖರೀದಿ ಮೊದ್ಲು ಅಳತೆ ಬರೆದ ಚೀಟಿ ಫಿಸಿಯೋ ಅವರಿಗೆ ತೋರ್ಸಿ, ಜರುಗಿಸೋದು ಹೆಂಗೆ ಅಂತ ಅವರ ಕೈಲೇ ಮಾಡಿಸಿ ನೋಡಿ ಕಲೀರಿ. ಕಂಕುಳಲ್ಲಿ ಕೈ ಹಾಕಿ ಎತ್ತೋದು ನಮಗೆಲ್ಲ ಅಭ್ಯಾಸ, ಅದರಲ್ಲಿ ಅವರ ಭುಜವೂ ಹೋಗತ್ತೆ ನಿಮ್ಮ ಸೊಂಟವೂ ಹೋಗತ್ತೆ, ಸೊಂಟಕ್ಕೆ ಕಟ್ಟೋ ಅಗಲ ಬೆಲ್ಟ್ ಸಿಗತ್ತೆ, ಅದನ್ನ ಹಿಡೀರಿ. ಆನ್‌ಲೈನ್ ತರಿಸೋದಾದ್ರೆ ವಾಪಸ್ ಕೊಡೋದು ಹೆಂಗೆ ಅಂತ ಮೊದ್ಲೇ ನೋಡಿ, ನಮ್ಮ ಕಡೆ ಪಾರ್ಸಲ್ ಎಷ್ಟೋ ಸಲ ಪೇಟೇಲೇ ನಿಲ್ಲತ್ತೆ, ಆ ಡಬ್ಬ ಮತ್ತೆ ಕಟ್ಟಿ ಕಳ್ಸೋದು ಒಂದು ದಿನದ ಕೆಲ್ಸ.

ಕುರ್ಚಿ ಬಂದ ದಿನ ಸೀದಾ ಅವರನ್ನ ಕೂರಿಸಬೇಡಿ. ನಾಲ್ಕು ಕಾಲಿನ ಪಿನ್ನೂ ಒಂದೇ ನಂಬರಿನ ತೂತಲ್ಲಿ ಕೂತಿದೆಯಾ ಅಂತ ಎಣಿಸಿ, ನೀವು ಕೂತು ಅಲ್ಲಾಡಿಸಿ, ಆಮೇಲೆ ಖಾಲಿ ಕುರ್ಚಿನ ಮಂಚದಿಂದ ಬಚ್ಚಲಿಗೆ ಒಂದು ಸಲ ತಳ್ಕೊಂಡು ಹೋಗಿ ಬನ್ನಿ. ನೀರು ಹಂಡೆಯಿಂದ ನೇರ ಮೊಗೆದು ಹಾಕ್ಬೇಡಿ, ಬಕೆಟಲ್ಲಿ ಬೆರೆಸಿ ನಿಮ್ಮ ಮೊಣಕೈಗೆ ಹಾಕ್ಕೊಂಡು ನೋಡಿ. ಸೋತ ಪಕ್ಕಕ್ಕೆ, ಸಕ್ಕರೆ ಕಾಯಿಲೆ ಇರೋರ ಕಾಲಿಗೆ, ಬಿಸಿ ಗೊತ್ತಾಗಲ್ಲ, ಬೊಬ್ಬೆ ಎದ್ದ ಮೇಲೇ ಕಾಣೋದು. ಸ್ನಾನ ಆದ ಮೇಲೆ ಹೊಟ್ಟೆ ಕೆಳಗೆ, ತೊಡೆ ಸಂದಿಯ ಮಡಿಕೆಗಳನ್ನ ಎತ್ತಿ ಹಳೇ ಹತ್ತಿ ಪಂಚೇಲಿ ಒತ್ತಿ ಒಣಗ್ಸಿ, ಉಜ್ಜಬೇಡಿ, ಪೌಡರ್ ಸುರೀಬೇಡಿ. ಮಳೆಗಾಲದಲ್ಲಿ ಆ ಪಂಚೆಗಳು ಒಣಗಬೇಕಂದ್ರೆ ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟೋದೇ, ಹೊಗೆ ವಾಸನೆ ಬಂದ್ರೂ ಪರವಾಗಿಲ್ಲ, ಹಸಿ ಬಟ್ಟೆಯಿಂದ ಹುಳುಕಡ್ಡಿ ಆಗೋದಕ್ಕಿಂತ ವಾಸಿ.

ಬ್ಲೀಚಿಂಗ್ ಪೌಡರ್ ಹಾಕಿ ಕುರ್ಚಿ ತೊಳೆದ್ರೆ ತಕ್ಷಣ ಚೆನ್ನಾಗಿ ನೀರು ಹುಯ್ದು ಒರೆಸಿ, ಸ್ಟೀಲ್ ಆದ್ರೂ ಕ್ಲೋರಿನ್‌ಗೆ ಚುಕ್ಕಿ ಚುಕ್ಕಿ ತಿನ್ನತ್ತೆ. ತಿಂಗಳಿಗೊಮ್ಮೆ ಕುರ್ಚಿ ಮಗುಚಿ ಹಾಕಿ ಸ್ಕ್ರೂ ಬಿಗಿ ಮಾಡಿ, ಚಕ್ರಕ್ಕೆ ಸುತ್ತಿದ ಕೂದಲು ತೆಗೀರಿ, ವೆಲ್ಡಿಂಗ್ ಜಾಗದಲ್ಲಿ ಕೂದಲೆಳೆ ಥರ ಕಂದು ಗೆರೆ ಕಂಡ್ರೆ ಅವತ್ತೇ ಬಳಸೋದು ನಿಲ್ಸಿ, ಅದು ಬಿರುಕು. ಕಾಲಿನ ಕುರ್ಚಿ ಇರೋರು ರಬ್ಬರ್ ಬುಷ್ ಎರಡು ಸೆಟ್ ಮೇ ತಿಂಗಳಲ್ಲೇ ತಂದಿಟ್ಕೊಳಿ. ಬುಷ್ ತರಕ್ಕೆ ಹೋಗುವಾಗ ಹಳೇದು ಒಂದು ಕಿತ್ತು ಜೇಬಲ್ಲಿ ಹಾಕ್ಕೊಂಡು ಹೋಗಿ, ಬಾಯಲ್ಲಿ ಸೈಜ್ ಹೇಳಿದ್ರೆ ವಾಕರ್‌ದು ಕೊಟ್ಟು ಕಳಿಸ್ತಾರೆ.